ಮಿಕ್ಕ ಅರ್ಧ ಚೀಲ

ಮಗಳ ಎಡಗಡೆಯ ಜಡೆ ಮುಗಿಸಿ ಬಲಗಡೆಯ ಕೂದಲನ್ನು ಮೂರು ಎಳೆಯಾಗಿ ಬಿಡಿಸುತ್ತಿದ್ದಾಗ ತಾಯಿಯ ಕೈಯಲ್ಲಿದ್ದ ಬಾಚಣಿಗೆ ನಡುಗಿತು. ತನ್ನ ಕೈಯೇ ನಡುಗಿತೆಂದುಕೊಂಡಳು. ಈ ಹದಿನಾರು ದಿನದಿಂದ ಹಾಗಾಗುವುದು ಹೊಸದೇನಲ್ಲ. ಆದರೆ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಸ್ಟೀಲು ಲೋಟಗಳೂ ಚಳಿಗೆ ಹಲ್ಲು ಕಡಿದ ಹಾಗೆ ಕಟಕಟ ಎಂದವು, ಕಪ್ಪುಹಲಗೆಯ ಚೌಕಟ್ಟಿನಿಂದ ಸುಣ್ಣದ ಪುಡಿ ಉದುರಿತು, ಯಾರೋ "ಆಚೆ! ಎಲ್ಲರೂ ಆಚೆ!" ಎಂದು ಕೂಗಿದರು. ತಾವು ಉಳಿದುಕೊಂಡಿದ್ದ ಶಾಲೆಯ ಆ ಕೋಣೆಯಲ್ಲಿ ಹಾಸಿಗೆ ಸುತ್ತುತ್ತಿದ್ದ ಹೆಂಗಸರೆಲ್ಲ ಬಾಗಿಲಿಗೆ ಮುಗಿಬಿದ್ದರು. ಅವಳು ಮಗಳ ಕೂದಲನ್ನು ಕೈಯಿಂದ ಬಿಡದೆಯೇ ಅವಳನ್ನು ಅಂಗಳಕ್ಕೆ ಎಳೆದುಕೊಂಡು ಬಂದಳು. ಎಂಟು ಎಣಿಸುವಷ್ಟರಲ್ಲಿ ಎಲ್ಲ ನಿಂತಿತ್ತು. ದೊಡ್ಡ ಭೂಕಂಪ ಆಗಿ ವರ್ಷ ಕಳೆದರೂ ಈ ನೆಲ ಆಗೀಗ ಹೀಗೆ ಮೈ ಕೊಡವುತ್ತಿತ್ತು.

"ನೆಲಕ್ಕೆ ಬೆಳಗ್ಗೆ ಬೆಳಗ್ಗೆ ಸೀನು ಬಂತು ನೋಡ್ರಪ್ಪ," ಎಂದ ಅವರನ್ನು ಕರೆತಂದ ಬಸ್ಸಿನ ಡ್ರೈವರು, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ. ಎಲ್ಲರೂ ಬೇಕಾದ್ದಕ್ಕಿಂತ ಜಾಸ್ತಿ ನಕ್ಕರು. ಮಗಳು ನಗಲಿಲ್ಲ. ಒಂದು ಕಡೆ ಬಿಗಿಯಾಗಿ ಹೆಣೆದ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು. ಅರ್ಧ ಹುಡುಗಿ ಶಾಲೆಗೆ ಹೊರಟಂತೆಯೂ ಇನ್ನರ್ಧ ಈಗಷ್ಟೇ ನಿದ್ದೆಯಿಂದ ಎದ್ದಂತೆಯೂ ಕಾಣುತ್ತಿದ್ದಳು.

"ಅಮ್ಮಾ, ಈಗ ಗಿರಗಿಟ್ಲೆ ಮನೆ ಪಟ್ಟಿ..."

"ಸುಮ್ನಿರು."

"ನಾನು ಬರೀ ಕೇಳ್ತಿದ್ದೆ ಅಷ್ಟೆ."

"ಆಮೇಲೆ ಅಂದ್ನಲ್ಲ. ಆಮೇಲೆ."

ಆಮೇಲೆ ಎಂಬ ಆ ಒಂದು ಮಾತನ್ನು ಅವಳು ಮಗಳಿಗೆ ದಿನಕ್ಕೆ ಮೂರು ಸಲ ಕೊಡುತ್ತ ಬಂದಿದ್ದಳು, ಮಾತ್ರೆಯ ಕವರಿನ ಮೇಲೆ ಗೀಟು ಎಳೆದು ಕೊಡುವ ಹಾಗೆ. ಊರಲ್ಲಿ ಅವಳ ಕೆಲಸವೇ ಅದು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೈ ತೂರಿಸುವಷ್ಟು ಕಿಂಡಿಯ ಹಿಂದೆ ಹನ್ನೊಂದು ವರ್ಷದಿಂದ ಕೂತಿದ್ದಳು. ಚರ್ಚಿನ ಸಭೆಯವರು ಅವಳನ್ನು ಕರೆಯುವುದೇ ಔಷಧಿಯಮ್ಮ ಎಂದು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಮೂರು ವಾರ ಬರುವವರು ಯಾರೆಂದು ಪಾಸ್ಟರ್ ಆರಾಧನೆಯ ಕೊನೆಯಲ್ಲಿ ಕೇಳಿದಾಗ, ಯಾವತ್ತೂ ಹಿಂದಿನ ಬೆಂಚಿನಲ್ಲಿ ಕೂರುವ ಅವಳು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದಳು. ಎತ್ತಿದ ಮೇಲೇ ಅದು ತನ್ನ ಕೈಯೆಂದು ಗೊತ್ತಾದದ್ದು. ಮುಂದಿನ ಬೆಂಚಿನವರೆಲ್ಲ ತಿರುಗಿ ನೋಡಿದರು. ಆ ನೋಟ ಮೈಗೆ ಹಿತವಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಹಿತವಾಗಿತ್ತು. ಗಂಡನಿಗೆ ಪಾಳಿಯ ಕೆಲಸ, ಎಂಟು ವರ್ಷದ ಮಗಳನ್ನು ಬಿಟ್ಟುಬರಲು ಯಾರೂ ಇರಲಿಲ್ಲ, ಹಾಗಾಗಿ ಅವಳೂ ಬಂದಳು. ಹದಿನಾಲ್ಕು ಜನ ದೊಡ್ಡವರು, ಒಂದು ಮಗು. ಇವತ್ತು ಕೊನೆಯ ದಿನ. ಹನ್ನೊಂದು ಗಂಟೆಗೆ ತಾವು ಕಟ್ಟಿದ ಮನೆಯನ್ನು ಪ್ರಾರ್ಥನೆ ಮಾಡಿ ದರ್ಜಿ ಹೆಂಗಸಿಗೆ ಒಪ್ಪಿಸುವುದು, ನಾಲ್ಕಕ್ಕೆ ಬಸ್ಸು.

ಬಟ್ಟೆಯ ಚೀಲ ಕಟ್ಟುವಾಗ ಮೊಣಕೈಯ ಮಡಿಕೆಯಲ್ಲಿ ಇನ್ನೂ ಬೂದುಬಣ್ಣ ಕೂತಿರುವುದು ಕಂಡಿತು. ಸೋಪಿಗೆ ಹೋಗದ ಬಣ್ಣ. ಸುತ್ತುಪಟ್ಟಿ ಹಾಕಿದ ದಿನದ್ದೇ ಇರಬೇಕು, ಅದಾದ ಮೇಲೆ ಅವಳು ಸಿಮೆಂಟಿನ ಡಬ್ಬ ಮುಟ್ಟಿರಲಿಲ್ಲ; ಬೆನ್ನು ನೋವೆಂದು ಹೇಳಿ ಅಡುಗೆಯವರ ಜೊತೆ ಸೇರಿಕೊಂಡಿದ್ದಳು. ಗೋಡೆ ಬಾಗಿಲಿನ ಎತ್ತರಕ್ಕೆ ಬಂದ ಮೇಲೆ ಮನೆಯ ಸುತ್ತಲೂ, ನಾಲ್ಕು ಗೋಡೆಗೂ ಒಂದೇ ಸಮ, ಕಬ್ಬಿಣ ಇಟ್ಟು ಕಾಂಕ್ರೀಟಿನ ಒಂದು ಪಟ್ಟಿ ಹಾಕಬೇಕು. ನೆಲ ಅಲುಗಿದಾಗ ನಾಲ್ಕು ಗೋಡೆಯನ್ನೂ ತಬ್ಬಿ ಹಿಡಿಯುವುದು ಅದೇ. ದರ್ಜಿಯ ಹಳೆಯ ಮನೆಗೆ ಅದಿರಲಿಲ್ಲ. ಬಾಗಿಲ ಕಡೆಯ ಗೋಡೆ ಹೊರಕ್ಕೆ ವಾಲಿ, ಬೀಡಿ ಹಚ್ಚಲು ಹೊಸ್ತಿಲಲ್ಲಿ ಕೂತಿದ್ದ ದರ್ಜಿಯ ಗಂಡನ ಮೇಲೆ ಬಿತ್ತು, ಅವನು ಉಳಿಯಲಿಲ್ಲ. ಇದನ್ನೆಲ್ಲ ಹೇಳಿಕೊಟ್ಟವನು ಮೇಸ್ತ್ರಿ. ಪಟ್ಟಿ ಹಾಕುವ ದಿನ ಬೆಳಗ್ಗೆ ಅವನ ತಾಯಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾಯಿತು. ಓಡುವ ಮುಂಚೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಮೂರು ಸಲ ಒಪ್ಪಿಸಿಕೊಂಡಿದ್ದ: ಒಂದು ಕಲಸಿಗೆ ಎರಡು ಡಬ್ಬ ಸಿಮೆಂಟು, ನಾಲ್ಕು ಡಬ್ಬ ಮರಳು, ಎಂಟು ಡಬ್ಬ ಜಲ್ಲಿ. ಔಷಧಿ ಅಳೆಯುವವರು ನೀವು, ನಿಮ್ಮ ಕೈ ತಪ್ಪಲ್ಲ ಎಂದಿದ್ದ.

ಎಣಿಕೆ ತಪ್ಪಬಾರದೆಂದು ಅವರು ಹಾಡಿಗೆ ಎಣಿಕೆಯನ್ನು ಕಟ್ಟಿದ್ದರು. ಅದು ಅವರದೇ ಪದ್ಧತಿ. ಹಿಂದಿನ ವರ್ಷ ಇನ್ನೊಂದು ಕಡೆ ಕಟ್ಟುವಾಗ ಯಾರೋ ಶುರುಮಾಡಿದ್ದಂತೆ, ದಣಿವೂ ಗೊತ್ತಾಗುವುದಿಲ್ಲ ಲೆಕ್ಕವೂ ತಪ್ಪುವುದಿಲ್ಲವೆಂದು. ಸಭೆಯಲ್ಲಿ ಎಲ್ಲರಿಗೂ ಬಾಯಿಪಾಠವಿದ್ದ ಒಂದು ಹಾಡು. ಅದರ ಮೊದಲ ಸಾಲನ್ನು ಎರಡು ಸಲ ಹೇಳಬೇಕು: ಎರಡು ಡಬ್ಬ ಸಿಮೆಂಟು. ಮುಂದಿನ ನಾಲ್ಕು ಸಾಲಿಗೆ ನಾಲ್ಕು ಡಬ್ಬ ಮರಳು. ಆಮೇಲೆ ಚಪ್ಪಾಳೆಯ ಎಂಟು ಸಾಲು, ಎಂಟು ಡಬ್ಬ ಜಲ್ಲಿ. ಒಂದು ಹಾಡು ಮುಗಿದರೆ ಒಂದು ಕಲಸು ಸಿದ್ಧ. ಮಗಳು ಮರಳಿನ ಗುಡ್ಡೆಯ ಮೇಲೆ ನಿಂತು ಶ್ರುತಿ ಹಿಡಿಯುತ್ತಿದ್ದಳು, ಎಲ್ಲರೂ ಗಿರಗಿಟ್ಲೆ ಎಂದೇ ಕರೆಯುವ ದರ್ಜಿಯ ಮಗಳು ಅವಳ ಸುತ್ತ ತಿರುಗುತ್ತ ಅರ್ಥವಾಗದ ಹಾಡನ್ನು ಅರ್ಥವಾದವರಿಗಿಂತ ಜೋರಾಗಿ ಹಾಡುತ್ತಿದ್ದಳು. ಮೂರನೆಯ ಕಲಸಿನಲ್ಲಿ ತಾಯಿಗೆ ಒಂದು ಅನುಮಾನ ಬಂದು ಎಲ್ಲರನ್ನೂ ನಿಲ್ಲಿಸಿ ಮರಳಿನ ಡಬ್ಬ ಮತ್ತೆ ಎಣಿಸಿದಳು. ಎಣಿಕೆ ಸರಿಯಾಗೇ ಇತ್ತು. "ಔಷಧಿಯಮ್ಮ, ಇದು ಮಕ್ಕಳ ಕೆಮ್ಮಿನ ಔಷಧಿ ಅಲ್ಲಮ್ಮ, ಕಾಂಕ್ರೀಟು," ಎಂದ ತಂಡದ ಬ್ಯಾಂಕಿನ ಅಣ್ಣ, ಸಲಿಕೆಯ ಹಿಡಿಗೆ ಗದ್ದ ಊರಿಕೊಂಡು, "ಒಂದು ಚಮಚ ಊಟಕ್ಕೆ ಮುಂಚೆ, ಒಂದು ಚಮಚ ಊಟ ಆದ್ಮೇಲೆ ಹಾಕಿ." ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವಾಗ ಕೆನ್ನೆ ಬಿಸಿಯಾದದ್ದು ಅವಳಿಗೆ ಈಗಲೂ, ಚೀಲದ ಬಾಯಿ ಕಟ್ಟುತ್ತಿರುವಾಗಲೂ, ನೆನಪಿದೆ. ಇನ್ನೇನಾದರೂ ಮರೆಯಬಹುದು, ಆ ಬಿಸಿಯನ್ನು ಮರೆಯಲಾಗುವುದಿಲ್ಲ, ಏಕೆಂದರೆ ನಾಲ್ಕನೆಯ ಕಲಸನ್ನು ಹಾಳುಮಾಡಿದ್ದು ಅದೇ.

ನಾಲ್ಕನೆಯದಕ್ಕೆ ಮೊದಲ ಸಾಲು ಒಂದು ಸಲ ಮುಗಿದಿತ್ತು, ಅವಳು ಒಂದು ಡಬ್ಬ ಸಿಮೆಂಟು ಸುರಿದಿದ್ದಳು, ಅಷ್ಟರಲ್ಲಿ ಪಾಸ್ಟರ್ ಬಂದರು. ಜೊತೆಯಲ್ಲಿ ದೂರದ ಸಭೆಯ ಹಿರಿಯರು, ಈ ಮನೆಗೆ ಕಬ್ಬಿಣ ಕೊಡಿಸಿದವರು. ಬಿಳಿ ಬೂಟು, ಕೈಯಲ್ಲಿ ಫೋನು ಹಿಡಿದು ಎಲ್ಲವನ್ನೂ ಚಿತ್ರ ತೆಗೆಯುತ್ತಿದ್ದರು. "ಇದ್ದಲ್ಲೇ ನಿಂತು ಕಣ್ಣು ಮುಚ್ಚೋಣ," ಎಂದರು ಪಾಸ್ಟರ್. ಅವಳು ಖಾಲಿ ಡಬ್ಬ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಪ್ರಾರ್ಥನೆ ಉದ್ದವಿತ್ತು; ಸತ್ತವರಿಗೆ, ಉಳಿದವರಿಗೆ, ಕೊಟ್ಟವರಿಗೆ, ಕಟ್ಟುವವರಿಗೆ. ಆಮೆನ್ ಎಂದ ಕೂಡಲೇ ಯಾರೋ ಉತ್ಸಾಹದಲ್ಲಿ ಮುಂದಿನ ಸಾಲು ಎತ್ತಿಕೊಂಡರು, ಮರಳು ಬಿತ್ತು. ಮರಳಿನ ಗುಡ್ಡೆಯಿಂದ ಮಗಳು ಅಂದಳು, "ಅಮ್ಮಾ, ಒಂದೇ ಸಲ ಹಾಡಿದ್ದು." ಅವಳಿಗೆ ಕೇಳಿಸಿತು. ಕೇಳಿಸಿತು ಮಾತ್ರವಲ್ಲ, ಗೊತ್ತಾಯಿತು. ಫೋನು ತನ್ನ ಕಡೆಗೇ ತಿರುಗಿತ್ತು. ಬ್ಯಾಂಕಿನ ಅಣ್ಣ ಸಲಿಕೆ ಎತ್ತಿ ಅವಳನ್ನೇ ನೋಡುತ್ತಿದ್ದ, ಬಾಯಿಯ ಮೂಲೆಯಲ್ಲಿ ಇನ್ನೊಂದು ಚಮಚದ ಮಾತು ಸಿದ್ಧವಾಗಿತ್ತು. ಅವಳು ಬೆರಳನ್ನು ತುಟಿಯ ಮೇಲಿಟ್ಟು ಮಗಳಿಗೆ ಸುಮ್ಮನಿರಲು ಹೇಳಿದಳು. ಆಮೇಲೆ ಹಾಕಿದರಾಯಿತು, ಎಲ್ಲರೂ ಆ ಕಡೆ ತಿರುಗಿದಾಗ ಒಂದು ಡಬ್ಬ ಸುರಿದುಬಿಡುತ್ತೇನೆ ಅಂದುಕೊಂಡಳು. ಆದರೆ ಜಲ್ಲಿ ಬಿತ್ತು, ನೀರು ಬಿತ್ತು, ಕಲಸು ಬಾಂಡಲಿಗಳಿಗೆ ತುಂಬಿತು, ಬಾಂಡಲಿಗಳು ಕೈಯಿಂದ ಕೈಗೆ ಸಾಲಿನಲ್ಲಿ ಹೊರಟುಬಿಟ್ಟವು, ಕೆಲವು ಬಾಗಿಲ ಕಡೆಗೆ, ಕೆಲವು ಕಿಟಕಿಯ ಕಡೆಗೆ. ಮೇಲೆ ನಿಂತವರು ಎಲ್ಲಿ ಸುರಿದರೋ ಅವಳಿಗೆ ಕಾಣಲಿಲ್ಲ. ಅಷ್ಟು ಹೊತ್ತೂ ಅವಳು ನಗುತ್ತಿದ್ದಳು, ಫೋನಿಗೆ.

ಸಂಜೆ ಅರ್ಧ ಚೀಲ ಸಿಮೆಂಟು ಮಿಕ್ಕಿತು. ಲೆಕ್ಕ ಹಾಕಿ ತಂದದ್ದು ಆರೇ ಚೀಲ, ಆರು ಕಲಸಿಗೆ; ಅರ್ಧ ಚೀಲವೆಂದರೆ ಒಂದು ಡಬ್ಬ. ಪಾಸ್ಟರ್ ಆ ಅರ್ಧ ಚೀಲದ ಮುಂದೆ ಮಂಡಿಯೂರಿದರು, ನಿಜವಾಗಿಯೂ ಕಣ್ಣಲ್ಲಿ ನೀರಿತ್ತು. "ಐದು ರೊಟ್ಟಿಯಲ್ಲಿ ಐದು ಸಾವಿರ ಜನಕ್ಕೆ ಉಣಿಸಿ ಬುಟ್ಟಿಗಟ್ಟಲೆ ಮಿಗಿಸಿದ ದೇವರು ಇವತ್ತು ನಮ್ಮ ನಡುವೆ ಮಿಗಿಸಿದ್ದಾನೆ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ತಟ್ಟುತ್ತಿರುವ ಎರಡು ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ತಟ್ಟಿದಳು. ಅವಳ ತಾಯಿ ಅಕ್ಕಿ ಅಳೆಯುವಾಗ ಮಕ್ಕಳ ಹೆಸರು ಹೇಳಿಕೊಂಡು ಅಳೆಯುತ್ತಿದ್ದಳು, ಒಂದು ಹೆಸರಿಗೆ ಒಂದು ಪಾವು. ಜ್ವರದಲ್ಲಿ ಹೋದ ತಮ್ಮನ ಹೆಸರನ್ನು ಬಿಟ್ಟು ಎಣಿಸಲು ಆ ತಾಯಿಗೆ ಕೊನೆಯವರೆಗೂ ಬರಲಿಲ್ಲ. ದಿನವೂ ಒಬ್ಬರ ಊಟ ಮಿಗುತ್ತಿತ್ತು. ಅಪ್ಪ ಅದನ್ನು ನೋಡಿ ಏನೂ ಅನ್ನದೆ ತಟ್ಟೆ ಚಾಚಿ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದರು, ಹಸಿವಿಲ್ಲದಿದ್ದರೂ. ಮಿಕ್ಕದ್ದನ್ನು ಆಶೀರ್ವಾದ ಎಂದು ಆ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಆ ಅರ್ಧ ಚೀಲದಲ್ಲಿ ಒಂದು ಫಲಕ ಎರಕ ಹೊಯ್ದರು, ಸಭೆಯ ಹೆಸರು, ವರ್ಷ, ಒಂದು ಶಿಲುಬೆ. ಅಕ್ಷರ ದುಂಡಗಿದೆಯೆಂದು ಮೊಳೆಯಿಂದ ಕೊರೆಯುವ ಕೆಲಸವನ್ನು ಅವಳಿಗೇ ಕೊಟ್ಟರು. ಕೊರೆದಳು. ಫಲಕ ಕಲ್ಲಿನ ಹಾಗೆ ಗಟ್ಟಿಯಾಯಿತು.

"ಬಾ, ಬೇಗ ಬಾ," ಎಂದು ಮಗಳ ಕೈ ಹಿಡಿದು ಇಳಿಜಾರಿನಲ್ಲಿ ಹೊಸ ಮನೆಯ ಕಡೆಗೆ ಹೊರಟಳು. ಒಂಬತ್ತೂವರೆ. ಹನ್ನೊಂದರೊಳಗೆ ಹೇಳಬೇಕು. ಯಾರಿಗಾದರೂ, ಒಬ್ಬರಿಗೆ. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು: ಗಾರೆ ಕೆತ್ತಬೇಕು, ಪಟ್ಟಿ ಒಡೆಯಬೇಕು, ಮೇಲಿನ ಇಟ್ಟಿಗೆ ವರಸೆ ಬಿಚ್ಚಬೇಕು, ಮತ್ತೆ ಎರಕ. ಬಸ್ಸು ಹೋಗಿರುತ್ತದೆ. ಚಳಿ ಶುರುವಾಗಿದೆ, ದರ್ಜಿ ಮಗುವಿನ ಜೊತೆ ಇನ್ನೂ ಒಂದು ತಿಂಗಳು ಪ್ಲಾಸ್ಟಿಕ್ ಡೇರೆಯಲ್ಲಿ. ಗಾರೆ ಮಾಡುವ ಮುಂಚೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಏಣಿ ಹತ್ತಿ ತಲೆಯಿಂದ ಪಿನ್ನು ತೆಗೆದು ಪಟ್ಟಿಯನ್ನು ಅಲ್ಲಲ್ಲಿ ಕೆರೆದು ನೋಡಿದ್ದಳು. ಎಲ್ಲ ಕಡೆಯೂ ಅಷ್ಟಷ್ಟು ಪುಡಿ ಬಂತು. ಬಾಗಿಲ ಮೇಲೂ ಬಂತು, ಕಿಟಕಿಯ ಮೇಲೂ ಬಂತು. ಇಳಿಯುವಾಗ ಏಣಿಯ ಕೆಳಗೆ ಮಗಳು ನಿಂತಿದ್ದಳು, ಕೈಯಲ್ಲಿ ತಟ್ಟೆ ಹಿಡಿದು. "ಸಿಕ್ತಾ ಅಮ್ಮ?" ಎಂದಿದ್ದಳು, ಬಿದ್ದುಹೋದ ಓಲೆ ಹುಡುಕುವವರನ್ನು ಕೇಳುವ ಹಾಗೆ. ಅವತ್ತೂ ಅವಳು ಆಮೇಲೆ ಎಂದೇ ಹೇಳಿದ್ದು.

ಮನೆಯ ಮುಂದೆ ಮೇಸ್ತ್ರಿ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದ. ಮಗಳನ್ನು ಡೇರೆಯ ಕಡೆಗೆ ಕಳಿಸಿ ಅವಳು ಅವನ ಪಕ್ಕ ನಿಂತಳು. ಗೋಡೆಗೆ ನಿಂಬೆಹಣ್ಣಿನ ಬಣ್ಣ ಬಳಿದಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಅವಳು ಗೋಡೆಯಿಂದ ಕಣ್ಣು ತೆಗೆದು ಚಿಲಕವನ್ನೇ ನೋಡಿದಳು.

"ಬೆಳಗ್ಗೆ ಅಲುಗಿತಲ್ಲ, ಏನಾದ್ರೂ ಬಿರುಕು ಬಿಟ್ಟಿದ್ಯಾ ಮೇಸ್ತ್ರಿ?"

"ಒಂದು ಕೂದಲೆಳೆಯಷ್ಟೂ ಇಲ್ಲ. ಅದೆಲ್ಲ ಅಲುಗಿದ್ದಲ್ಲಮ್ಮ, ತೊಟ್ಟಿಲು ತೂಗಿದ್ದು."

"ನಿಮ್ಮಮ್ಮ ಹೇಗಿದ್ದಾರೆ?"

"ಗಟ್ಟಿ ಇದ್ದಾರೆ. ಯಮ ಬಂದ್ರೆ ಅವನಿಗೇ ಬೈದು ಕಳಿಸ್ತಾರೆ."

ಅವಳು ಹೋಗಲಿಲ್ಲ. ಮೇಸ್ತ್ರಿ ಎಣ್ಣೆಯ ಡಬ್ಬಿ ಕೆಳಗಿಟ್ಟ.

"ಪಟ್ಟೀಲಿ," ಎಂದಳು, "ಎಲ್ಲಾದ್ರೂ ಒಂದು ಕಡೆ ಸಿಮೆಂಟು ಕಮ್ಮಿ ಬಿದ್ದಿದ್ರೆ ಏನಾಗತ್ತೆ?"

"ಎಲ್ಲಿ ಕಮ್ಮಿ ಬಿದ್ದಿದೆ?"

"ಇಲ್ಲ, ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ಮಾತಾ ಇದು?" ಅವನು ಅವಳ ಮುಖವನ್ನೇ ನೋಡಿದ. "ಲಂಗದ ಲಾಡಿ ಎಲ್ಲಾ ಕಡೆ ಗಟ್ಟಿ ಇದ್ದು ಒಂದೇ ಕಡೆ ಸವೆದಿದ್ರೆ ಏನಾಗತ್ತೆ? ಹಾಗೇ ಇದು. ಸುಮ್ನೆ ನಿಂತಿರೋವರೆಗೂ ನಿಂತಿರತ್ತೆ. ಜೋರಾಗಿ ಒಂದು ಸಲ ಕೊಡವಿತೋ, ಸವೆದಲ್ಲಿ ಕಿತ್ಕೊಳ್ಳತ್ತೆ. ಒಂದು ಕಡೆ ಕಿತ್ತ ಮೇಲೆ ಆ ಗೋಡೇನ ಹಿಡಿಯೋರು ಯಾರೂ ಇಲ್ಲ." ದನಿ ತಗ್ಗಿಸಿ ಕೇಳಿದ, "ಯಾರ ಕೈ ತಪ್ಪಿತು? ಹೇಳಿ. ಎಲ್ಲಿ ಅಂತ ಹೇಳಿದ್ರೆ ಒಡೆದು ಹಾಕ್ತೀನಿ. ನಾನು ಇಲ್ಲೇ ಇರೋನು, ನಿಮ್ಮ ಹಾಗೆ ಬಸ್ಸು ಹತ್ತೋನಲ್ಲ."

ಎಲ್ಲಿ ಎಂದು ಅವಳಿಗೆ ಗೊತ್ತಿಲ್ಲ. ಆ ಒಂದು ಕಾರಣ ನೆಪವಾಗಿ ಸಿಕ್ಕಿತು, ಅದನ್ನು ಅವಳು ಎರಡೂ ಕೈಯಿಂದ ಹಿಡಿದುಕೊಂಡಳು. ಎಲ್ಲಿ ಎಂದು ಗೊತ್ತಿಲ್ಲದ ಮೇಲೆ ಹೇಳಿ ಏನು. "ಯಾರದ್ದೂ ಇಲ್ಲ ಮೇಸ್ತ್ರಿ. ನನಗೆ ಹೀಗೇ, ಏನೇನೋ ಯೋಚನೆ ಬರತ್ತೆ," ಎಂದಳು. ಮೇಸ್ತ್ರಿ ಚಿಲಕವನ್ನು ಎರಡು ಸಲ ಹಾಕಿ ತೆಗೆದ, ಮತ್ತೆ ಅವಳ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ನೋಡಿದ್ದಕ್ಕಿಂತ ಕಷ್ಟವಾಗಿತ್ತು.

ದರ್ಜಿ ಡೇರೆಯಿಂದ ಹೊರಗೆ ಬಂದಳು, ಕುತ್ತಿಗೆಯಲ್ಲಿ ಅಳತೆಪಟ್ಟಿ, ತುಟಿಯ ಮಧ್ಯೆ ಸೂಜಿ. ಕೈಯಲ್ಲೊಂದು ಹಳದಿ ಫ್ರಾಕು. "ಅಕ್ಕಾ, ನಿಮ್ಮ ಮಗಳಿಗೆ. ಅಳತೆ ತಗೊಂಡಿಲ್ಲ, ಕಣ್ಣಲ್ಲೇ ನೋಡಿ ಹೊಲಿದದ್ದು. ಸರಿ ಆಗದೇ ಇದ್ರೆ ಬೈಬೇಡಿ." ಸರಿಯಾಗೇ ಆಗುತ್ತದೆಂದು ನೋಡಿದರೇ ಗೊತ್ತಾಗುತ್ತಿತ್ತು. ಅವಳು ಫ್ರಾಕನ್ನು ತೆಗೆದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದೇ ಸಮನಾದ ಸಣ್ಣ ಸಣ್ಣ ಹೊಲಿಗೆ, ಒಂದೂ ತಪ್ಪಿಲ್ಲ. ಡೇರೆಯ ಮಂದ ಬೆಳಕಿನಲ್ಲಿ, ಕೈಮಿಷನ್ನಿನಲ್ಲಿ.

"ಒಂದು ಮಾತು ಹೇಳ್ಲಾ ಅಕ್ಕ, ನಗಬೇಡಿ," ಎಂದಳು ದರ್ಜಿ. "ಹದಿಮೂರು ತಿಂಗಳಾಯ್ತು ನಾನು ಎರಡೂ ಕಣ್ಣು ಮುಚ್ಚಿ ಮಲಗಿ. ಒಂದು ಕಣ್ಣು ಯಾವಾಗ್ಲೂ ಗಿರಗಿಟ್ಲೆ ಮೇಲೆ. ಪ್ಲಾಸ್ಟಿಕ್ ಗಾಳಿಗೆ ಪಟಪಟ ಅಂದ್ರೂ ಎತ್ಕೊಂಡು ಓಡ್ತೀನಿ. ಇವತ್ತು ಚಿಲಕ ಹಾಕ್ಕೊಂಡು ಹೆಣದ ಹಾಗೆ ಮಲಗ್ತೀನಿ ನೋಡಿ."

"ಹಾಗೆಲ್ಲ ಹೇಳಬಾರ್ದು."

"ಯಾಕೆ ಹೇಳಬಾರ್ದು? ಬೇರೆಯವರ ಮನೆಗಳು ಹೇಗಿವ್ಯೋ ಗೊತ್ತಿಲ್ಲ. ಗುತ್ತಿಗೆಯವರು ಕಟ್ಟಿದ್ದು, ಒಂದಕ್ಕೆ ಎರಡು ಕದ್ದಿರ್ತಾರೆ. ನನ್ನ ಮನೆಗೆ ನೀವು ನಿಂತು ಅಳೆದು ಹಾಕಿದ್ದೀರ. ಮೂರನೇ ಕಲಸಿಗೆ ಎಲ್ಲರೂ ನಕ್ಕರೂ ನಿಲ್ಲಿಸಿ ಎಣಿಸಿದ್ರಲ್ಲ, ನಾನು ಇಲ್ಲೇ ಕೂತು ನೋಡ್ತಿದ್ದೆ. ಆವತ್ತೇ ನನ್ನ ಜೀವಕ್ಕೆ ಧೈರ್ಯ ಬಂತು."

ಈಗ, ಈ ಕ್ಷಣ, ಹೇಳಿಬಿಡಬೇಕು. ನಾಲ್ಕನೆಯ ಕಲಸಿಗೆ ಎಣಿಸಲಿಲ್ಲ ತಾಯಿ, ನಾಲ್ಕನೆಯದಕ್ಕೆ ನಾನು ನಗುತ್ತ ನಿಂತಿದ್ದೆ. ಬಾಯಿ ತೆರೆಯುವ ಬದಲು ಅವಳು ಫ್ರಾಕನ್ನು ಮಡಿಸತೊಡಗಿದಳು. ದರ್ಜಿ ತುಟಿಯಿಂದ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡು ಅವಳ ಎರಡೂ ಕೈ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಗಡಸಾದ ಬೆರಳುಗಳು. ಕೌಂಟರಿನ ಕಿಂಡಿಯಲ್ಲಿ ದಿನಕ್ಕೆ ನೂರಾರು ಕೈ ಒಳಗೆ ಬರುತ್ತಿದ್ದವು, ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದವು. ಯಾರೂ ಕವರು ಬಿಚ್ಚಿ ಎಣಿಸುತ್ತಿರಲಿಲ್ಲ. ನಂಬಿಕೆ ಎಂದರೆ ಇಷ್ಟು ಸುಲಭವೇ ಎಂದು ಅವಳಿಗೆ ಒಮ್ಮೊಮ್ಮೆ ಗಾಬರಿಯಾಗುತ್ತಿತ್ತು, ಕಿಂಡಿ ಮುಚ್ಚಿ ಓಡಿಹೋಗಬೇಕೆನಿಸುತ್ತಿತ್ತು. ಇಲ್ಲಿ ಮುಚ್ಚಲು ಕಿಂಡಿಯೂ ಇರಲಿಲ್ಲ. "ಫ್ರಾಕು ಚೆನ್ನಾಗಿದೆ," ಎಂದಳು. ಕೈ ಬಿಡಿಸಿಕೊಂಡು ಪಾಸ್ಟರ್ ಇದ್ದ ಕಡೆಗೆ ಹೆಚ್ಚುಕಡಿಮೆ ಓಡಿದಳು.

ಪಾಸ್ಟರ್ ಮನೆಯ ಹಿಂದೆ ಇಟ್ಟಿಗೆಯ ರಾಶಿಯ ಮೇಲೆ ಒಬ್ಬರೇ ಕೂತು ಚಪ್ಪಲಿಯ ಕಿತ್ತ ಬಾರಿಗೆ ತಂತಿ ಸುತ್ತುತ್ತಿದ್ದರು. ಮೂರು ವಾರದಲ್ಲಿ ಅವರ ಮುಖ ಇಳಿದುಹೋಗಿತ್ತು. ಎಲ್ಲರೂ ಮಲಗಿದ ಮೇಲೆ ಮಲಗಿ, ಎಲ್ಲರಿಗಿಂತ ಮೊದಲೆದ್ದು ನೀರು ಹೊತ್ತವರು ಅವರು. ಅವರನ್ನು ದೂರಲು ಅವಳಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು.

"ಪಾಸ್ಟರ್, ನಿಮಗೊಂದು ಹೇಳಬೇಕು. ಮನೆ ಬಗ್ಗೆ."

"ಹೇಳಿ ಸಿಸ್ಟರ್." ಅವರು ಪಕ್ಕದಲ್ಲಿ ಜಾಗ ಮಾಡಿದರು. ಅವಳು ಕೂರಲಿಲ್ಲ.

"ಪಟ್ಟಿ ಹಾಕಿದ ದಿನ... ಆ ಅರ್ಧ ಚೀಲ... ಅದು ದೇವರು ಮಿಗಿಸಿದ್ದಲ್ಲ ಅನ್ಸತ್ತೆ."

ಇಷ್ಟು ಹೇಳಿದಳು. ಹದಿನಾರು ದಿನದಲ್ಲಿ ಇಷ್ಟು ಮೊದಲ ಸಲ ಹೇಳಿದಳು. ಮುಂದಿನದು ತಾನಾಗಿ ಬರುತ್ತದೆ ಎನಿಸಿತು. ಆದರೆ ಕಣ್ಣಿಗೆ ನೀರು ಮುಂಚೆ ಬಂದಿತು, ಮಾತು ಹಿಂದುಳಿಯಿತು. ಪಾಸ್ಟರ್ ಚಪ್ಪಲಿ ಕೆಳಗಿಟ್ಟು ಎದ್ದು ನಿಂತರು. ಅವರ ಕಣ್ಣಲ್ಲಿ ಇದ್ದದ್ದು ಕನಿಕರ.

"ಸಿಸ್ಟರ್, ನನಗೂ ಹೀಗಾಗತ್ತೆ. ಪ್ರತಿ ಸಲ, ಕೊನೇ ದಿನ. ನಾವು ಮಾಡಿದ್ದು ಏನು, ಅದರಲ್ಲಿ ದೇವರ ಕೈ ಇತ್ತಾ ಇಲ್ವಾ ಅಂತ. ಸಂಶಯ ಬರೋದು ತಪ್ಪಲ್ಲ. ನನ್ನ ಹತ್ರ ಹೇಳಿದ್ರಲ್ಲ, ಅದೇ ದೊಡ್ಡದು."

"ಅದಲ್ಲ ಪಾಸ್ಟರ್, ನಾನು ಹೇಳ್ತಿರೋದು..."

"ಬನ್ನಿ, ಪ್ರಾರ್ಥನೆ ಮಾಡೋಣ."

ಅವರ ಅಂಗೈ ಅವಳ ತಲೆಯ ಮೇಲೆ ಇಳಿಯಿತು, ಭಾರವಾಗಿ, ಬೆಚ್ಚಗೆ. ಅವಳು ಕಣ್ಣು ಮುಚ್ಚಿದಳು. ಮುಚ್ಚಬಾರದಿತ್ತು. ಬಾಲ್ಯದಿಂದ ಕಲಿತ ರೆಪ್ಪೆಗಳು, ಕೇಳಿದ ಕೂಡಲೇ ಬಿದ್ದವು. ಅವರ ಪ್ರಾರ್ಥನೆಯ ಮಾತುಗಳು ಒಳ್ಳೆಯ ಮಾತುಗಳು, ಒಂದೊಂದೂ ಅವಳು ಹೇಳಬೇಕಾದ್ದರ ಮೇಲೆ ಮೆತ್ತನೆಯ ಮಣ್ಣಿನಂತೆ ಬೀಳುತ್ತಿದ್ದವು. ಆಮೆನ್ ಎಂದಾಗ ಅವಳೂ ಆಮೆನ್ ಎಂದಳು. "ಇವತ್ತು ಎಲ್ಲರ ಮುಂದೆ ದೇವರ ಕೆಲಸಕ್ಕೆ ಸಾಕ್ಷಿ ಹೇಳೋದು ನೀವೇ," ಎಂದರು ಪಾಸ್ಟರ್, ಹಗುರವಾಗಿ ನಕ್ಕು, "ಆ ಅರ್ಧ ಚೀಲದ ವಿಷಯ. ನಿಮ್ಮ ಬಾಯಲ್ಲೇ ಬರಲಿ. ಹೇಳ್ತಾ ಹೇಳ್ತಾ ನಿಮಗೇ ನಂಬಿಕೆ ಬರತ್ತೆ ನೋಡಿ."

ಹನ್ನೊಂದಕ್ಕೆ ಎಲ್ಲರೂ ಬಾಗಿಲ ಮುಂದೆ ಸೇರಿದರು. ಅಕ್ಕಪಕ್ಕದ ಡೇರೆಗಳವರು ಬಂದರು, ಬಿಳಿ ಬೂಟಿನ ಹಿರಿಯರೂ ಬಂದರು, ಫೋನಿನ ಜೊತೆಗೆ. ಬಾಗಿಲ ಪಕ್ಕ ಫಲಕದ ಮೇಲೆ ಅವಳು ಕೊರೆದ ಅಕ್ಷರಗಳು ಬಿಸಿಲಿಗೆ ಎದ್ದು ಕಾಣುತ್ತಿದ್ದವು. ಮೇಸ್ತ್ರಿ ಗುಂಪಿನಿಂದ ದೂರ, ಮರಳು ಮಿಕ್ಕಿದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಪಾಸ್ಟರ್ ಕೀಲಿಕೈ ಕೊಟ್ಟರು. ದರ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಬಾಗಿಲು ತೆರೆದಳು, ಅವಳು ಒಳಗೆ ಕಾಲಿಡುವ ಮುಂಚೆಯೇ ಗಿರಗಿಟ್ಲೆ ಅವಳ ಕೈಯ ಕೆಳಗೆ ನುಗ್ಗಿ ಒಳಗೆ ಓಡಿಯಾಗಿತ್ತು, ಹಿಂದೆಯೇ ಮಗಳು. ಖಾಲಿ ಕೋಣೆಯಲ್ಲಿ ಇಬ್ಬರೂ ಕೂಗಿ ನೋಡುತ್ತಿದ್ದರು, ತಮ್ಮ ಕೂಗು ಗೋಡೆಗೆ ಬಡಿದು ವಾಪಸು ಬರುತ್ತದೆಯೇ ಎಂದು. ಆಮೇಲೆ ಡೇರೆಯಿಂದ ಹಾಸಿಗೆಯ ಸುರುಳಿ ಎಳೆದುಕೊಂಡು ಬಂದರು, ಒಂದು ತುದಿ ಒಬ್ಬಳು, ಇನ್ನೊಂದು ತುದಿ ಇನ್ನೊಬ್ಬಳು, ಗುಂಪಿನ ಕಾಲುಗಳ ನಡುವೆ ದಾರಿ ಮಾಡಿಕೊಂಡು. ಜನ ನಕ್ಕು ಜಾಗ ಬಿಟ್ಟರು. "ಹಗಲಲ್ಲೇ ನಿದ್ದೆ ಮಾಡ್ತೀಯೇನೇ ಗಿರಗಿಟ್ಲೆ?" ಎಂದರು ಯಾರೋ.

"ನಮ್ಮ ಔಷಧಿಯಮ್ಮ ಈಗ ಎರಡು ಮಾತು ಹೇಳ್ತಾರೆ," ಎಂದರು ಪಾಸ್ಟರ್.

ಅವಳು ಮುಂದೆ ಬಂದಳು. ಯಾರೋ ಅವಳ ಭುಜ ಮುಟ್ಟಿ ಮುಂದಕ್ಕೆ ತಳ್ಳಿದರು, ಪ್ರೀತಿಯಿಂದ. ಫೋನು ಅವಳ ಕಡೆಗೆ ತಿರುಗಿತು. ಬ್ಯಾಂಕಿನ ಅಣ್ಣ ತಲೆಯಾಡಿಸಿ ಧೈರ್ಯ ಕೊಟ್ಟ; ಅವನ ಮುಖದಲ್ಲಿ ಇವತ್ತು ಗೇಲಿಯ ಸುಳಿವೂ ಇರಲಿಲ್ಲ. ಎಲ್ಲರೂ ಎಷ್ಟು ಒಳ್ಳೆಯವರಾಗಿ ನಿಂತಿದ್ದರೆಂದರೆ ಉಸಿರಾಡಲು ಜಾಗವಿರಲಿಲ್ಲ. ಅವಳು ಬಾಗಿಲ ಮೇಲೆ ನೋಡಿದಳು. ಗಾರೆಯ ಕೆಳಗೆ, ಬಣ್ಣದ ಕೆಳಗೆ, ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕೂಡ ಕಾಣುವುದಿಲ್ಲ. ಸಂಜೆ ನಾಲ್ಕು ಗಂಟೆಗೆ ಬಸ್ಸಿನ ಕಿಟಕಿಯಿಂದ ಇದು ಚಿಕ್ಕದಾಗುತ್ತ ಹೋಗುತ್ತದೆ, ತಿರುವಿನಲ್ಲಿ ಮರೆಯಾಗುತ್ತದೆ, ಆಮೇಲೆ ಯಾವಾಗಲಾದರೂ ಪೇಪರಿನಲ್ಲಿ ಈ ಊರಿನ ಸುದ್ದಿ ಬಂದರೆ ಅವಳು ಆ ಪುಟವನ್ನು ಮಡಿಸಿಡುತ್ತಾಳೆ. ಹಾಗೆ ಬದುಕಬಹುದು. ಜನ ಬದುಕುತ್ತಾರೆ. ದರ್ಜಿ ಎರಡೂ ಕೈ ಎದೆಗೆ ಒತ್ತಿಕೊಂಡು, ಬಾಯಿ ತುಸು ತೆರೆದು, ಅವಳ ಮಾತಿಗೆ ಕಾಯುತ್ತಿದ್ದಳು.

"ನಾನು," ಎಂದಳು. ಮತ್ತೆ "ನಾವು," ಎಂದಳು.

ಆ "ನಾವು" ಎಂಬುದು ತಪ್ಪು ಎಂದು ಹೇಳಿದ ಕೂಡಲೇ ಗೊತ್ತಾಯಿತು. ಹದಿಮೂರು ಜನರ ಹಿಂದೆ ಅವಳು ಮತ್ತೆ ಬಚ್ಚಿಟ್ಟುಕೊಂಡಿದ್ದಳು. ಮುಂದೆ ಮಾತು ಸಿಗದೆ ನಿಂತಳು. ಸಂತೋಷಕ್ಕೆ ಗಂಟಲು ಕಟ್ಟಿತೆಂದು ಎಲ್ಲರೂ ತಿಳಿದರು. ಹೆಂಗಸೊಬ್ಬಳು ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಮಗಳು ಬಾಗಿಲಿಗೆ ಬಂದು ನಿಂತಳು, ಹಾಸಿಗೆಯ ತುದಿಯನ್ನು ಇನ್ನೂ ಕೈಯಲ್ಲಿ ಹಿಡಿದು, ದಾರಿ ತಿಳಿಯದ ಕೂಲಿಯವಳ ಹಾಗೆ. ಕೋಣೆಯೊಳಗೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಕತ್ತೆತ್ತಿ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ದೂರು ಇರಲಿಲ್ಲ, ಭಯವೂ ಇರಲಿಲ್ಲ. ತಾಯಿಯ ಬೆರಳು ತಾನಾಗಿ ತುಟಿಯ ಕಡೆಗೆ ಹೊರಟಿತು, ಅರ್ಧ ದಾರಿಯಲ್ಲಿ ನಿಂತಿತು, ಕೆಳಗಿಳಿಯಿತು.

"ಅಮ್ಮಾ," ಎಂದಳು ಮಗಳು, ಎಲ್ಲರಿಗೂ ಕೇಳುವ ಹಾಗೆ, "ಸಿಮೆಂಟು ಕಮ್ಮಿ ಬಿದ್ದದ್ದು ಬಾಗಿಲ ಕಡೇನಾ, ಕಿಟಕಿ ಕಡೇನಾ? ಗಿರಗಿಟ್ಲೆ ಹಾಸಿಗೆ ಯಾವ ಕಡೆ ಹಾಸೋಣ?"